ಮೊದಲು ಚಿಪ್, ಆಮೇಲೆ ಸೂಜಿ: ನಾಯಿಗೆ ಲಸಿಕೆ ಹಾಕಿಸುವ ಲೆಕ್ಕ

ನನ್ನ ತಂಗಿಯ ನಾಯಿ ಬೋಂಡ ಜರ್ಮನಿಗೆ ಹೊರಡಬೇಕಿದ್ದದ್ದು ಜುಲೈ ಕೊನೆಯಲ್ಲಿ. ಹೊರಟಿದ್ದು ಅಕ್ಟೋಬರ್ ಮೂರನೇ ವಾರ. ಕಾಯಿಲೆ ಏನೂ ಇರಲಿಲ್ಲ, ದುಡ್ಡಿನ ತಾಪತ್ರಯವೂ ಅಲ್ಲ. ಲಸಿಕೆ ಪುಸ್ತಕದಲ್ಲಿ ಎರಡು ತಾರೀಖು ಹಿಂದೆಮುಂದೆ ಆಗಿದ್ದವು, ಅಷ್ಟೇ. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಮನೆಯಲ್ಲೇ ಬಿದ್ದಿರುವ ನಾಯಿಗೆ ಸುಮ್ನೆ ಇಂಜೆಕ್ಷನ್ ಯಾಕೆ?

ರೇಬೀಸ್ ವಿಷಯದಲ್ಲಿ ಯೋಚನೆ ಮಾಡುವುದಕ್ಕೇ ಏನಿಲ್ಲ. ಹಾಕಿಸಿ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿ ಉಳಿಯುವುದಿಲ್ಲ, ಮನುಷ್ಯರು ಉಳಿದದ್ದಂತೂ ಇಡೀ ಜಗತ್ತಿನಲ್ಲಿ ಬೆರಳೆಣಿಕೆ. "ನಮ್ಮದು ಗೇಟ್ ದಾಟಲ್ಲ, ಯಾರಿಗೂ ಕಚ್ಚಲ್ಲ" ಅನ್ನುತ್ತಾರೆ. ಸರಿ, ನಿಮ್ಮದು ಕಚ್ಚುವುದಿಲ್ಲ, ಆದರೆ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಬೀದಿನಾಯಿ ಜೊತೆ ಜಗಳ ಆಡುತ್ತದೆ ಅಲ್ವಾ? ತೋಟದ ಮನೆಯಾದರೆ ಮುಂಗುಸಿ ಅಟ್ಟಿಸಿಕೊಂಡು ಹೋಗುತ್ತದೆ. ಅಷ್ಟು ಸಾಕು. ಮರಿಗೆ 3 ತಿಂಗಳು ತುಂಬಿದಾಗ ಒಂದು ಡೋಸ್, ಒಂದು ವರ್ಷಕ್ಕೆ ಮತ್ತೊಂದು, ಆಮೇಲೆ ಲಸಿಕೆಯ ಲೇಬಲ್ ಹೇಳಿದಷ್ಟಕ್ಕೆ. ನಮ್ಮ ಕಡೆ ಹೆಚ್ಚಿನ ಡಾಕ್ಟರು ವರ್ಷಕ್ಕೊಂದು ಹಾಕುತ್ತಾರೆ. ಬೀದಿನಾಯಿ ಇಷ್ಟಿರುವ ಊರಲ್ಲಿ ನಾನು ಅದಕ್ಕೆ ತಕರಾರು ಮಾಡುವುದಿಲ್ಲ. ದುಡ್ಡು ಕಷ್ಟವಾದರೆ ಸೆಪ್ಟೆಂಬರ್ 28ರ ರೇಬೀಸ್ ದಿನದ ಹೊತ್ತಿಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಎಷ್ಟೋ ಕಡೆ ಉಚಿತವಾಗಿ ಹಾಕುತ್ತಾರೆ.

ಇನ್ನೊಂದು ಮಾತು. ನಾಯಿ ಯಾರಿಗಾದರೂ ಕಚ್ಚಿದರೆ ಅದರ ಲಸಿಕೆ ಪುಸ್ತಕ ತೋರಿಸಿ "ಏನೂ ಆಗಲ್ಲ ಬಿಡಿ" ಅನ್ನಬೇಡಿ. ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಮುಂದಿನದನ್ನು ಡಾಕ್ಟರು ಹೇಳಲಿ.

ಮರಿ ಇರುವವರು ನಿಜವಾಗಿ ಎಡವುವುದು ಪಾರ್ವೋ ಅನ್ನುವ ವೈರಸ್ ಕಾಯಿಲೆಯ ವಿಷಯದಲ್ಲಿ. ಬೆಳಿಗ್ಗೆ ಕುಣಿಯುತ್ತಿದ್ದ ಮರಿ ಸಂಜೆ ಊಟ ಬಿಡುತ್ತದೆ, ವಾಂತಿ, ಆಮೇಲೆ ರಕ್ತ ಬೆರೆತ ಭೇದಿ, ಆ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಜೀವಮಾನದಲ್ಲಿ ಮರೆಯುವುದಿಲ್ಲ. "ಒಂದು ಇಂಜೆಕ್ಷನ್ ಹಾಕಿಸಿದ್ದೆವಲ್ಲ" ಅಂತ ಅಳುತ್ತಾರೆ. ಒಂದು ಸಾಲದು. ತಾಯಿಯ ಹಾಲಿನಿಂದ ಮರಿಗೆ ಬಂದ ರಕ್ಷಣೆ ಕೆಲವು ವಾರ ಮೈಯಲ್ಲಿ ಇರುತ್ತದೆ, ಅದು ಇರುವ ತನಕ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವಾಗ ಕರಗುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ ಹಾಕುತ್ತಾ, ಕೊನೆಯದನ್ನು 16 ವಾರ ತುಂಬಿದ ಮೇಲೆ ಹಾಕಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಆ ಕೊನೆಯದೇ, ಜನ ತಪ್ಪಿಸುವುದೂ ಅದನ್ನೇ. ಅಲ್ಲಿಯ ತನಕ ಮರಿಯನ್ನು ಬೀದಿಯಲ್ಲಿ ಇಳಿಸಬೇಡಿ, ಎತ್ತಿಕೊಂಡೇ ಊರು ತೋರಿಸಿ. ಹಿಂದೆ ಪಾರ್ವೋದಲ್ಲಿ ಮರಿ ಸತ್ತ ಮನೆಯಾದರೆ ಇನ್ನೂ ಎಚ್ಚರ, ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ದೊಡ್ಡ ನಾಯಿಗೆ ಲೆಕ್ಕ ಬೇರೆ. ಮರಿಯಿದ್ದಾಗಿನ ಡೋಸು ಮತ್ತು ವರ್ಷದ ಬೂಸ್ಟರ್ ಸರಿಯಾಗಿ ಆಗಿದ್ದರೆ ಪಾರ್ವೋ, ಜೊತೆಗೆ ಡಿಸ್ಟೆಂಪರ್, ಹೆಪಟೈಟಿಸ್ ಅನ್ನುವ ಇನ್ನೆರಡು ವೈರಸ್ ಕಾಯಿಲೆಗಳ ಲಸಿಕೆ 3 ವರ್ಷಕ್ಕೊಮ್ಮೆ ಸಾಕು ಅಂತ ಪಶುವೈದ್ಯರ ಅಂತರರಾಷ್ಟ್ರೀಯ ಸಂಘ ವಸಾವಾ ಹೇಳುತ್ತದೆ. ಆದರೆ ಇಲಿ ಜ್ವರದ ಲಸಿಕೆಯ ರಕ್ಷಣೆ ಒಂದು ವರ್ಷದ್ದು. ನಮ್ಮಲ್ಲಿ ಸಾಮಾನ್ಯವಾಗಿ ಎರಡನ್ನೂ ಒಂದೇ ಇಂಜೆಕ್ಷನ್‌ನಲ್ಲಿ ಸೇರಿಸಿ ಕೊಡುವುದರಿಂದ ಎಲ್ಲವನ್ನೂ ವರ್ಷ ವರ್ಷ ಹಾಕುತ್ತಾರೆ. ಕರಾವಳಿ, ಮಲೆನಾಡು, ಗದ್ದೆ ಪಕ್ಕದ ಮನೆ, ಇಲ್ಲವೇ ಮಳೆಗಾಲದಲ್ಲಿ ಚರಂಡಿ ಉಕ್ಕುವ ಬೆಂಗಳೂರಿನ ಬೀದಿ, ಇಲ್ಲೆಲ್ಲ ಇಲಿ ಜ್ವರದ್ದನ್ನು ಬಿಡಬೇಡಿ, ಅದು ನಾಯಿಯಿಂದ ನಮಗೂ ಬರುವ ಕಾಯಿಲೆ. ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಲಸಿಕೆ ಬೋರ್ಡಿಂಗ್‌ನಲ್ಲಿ ಬಿಡುವವರಿಗೆ ಬೇಕು, ಮಿಕ್ಕವರಿಗೆ ಅವಸರ ಇಲ್ಲ. ನಾಯಿಗಳ ಕೊರೊನಾ ಲಸಿಕೆ ಅಂತ (ಕೋವಿಡ್‌ದಲ್ಲ, ಹೊಟ್ಟೆಯದು) ಯಾರಾದರೂ ಒತ್ತಾಯ ಮಾಡಿದರೆ ನಯವಾಗಿ ಬೇಡ ಅನ್ನಿ, ವಸಾವಾ ಕೂಡ ಅದನ್ನು ಶಿಫಾರಸು ಮಾಡುವುದಿಲ್ಲ.

ಜ್ವರ, ವಾಂತಿ ಇದ್ದ ದಿನ ಯಾವುದೂ ಬೇಡ, ಮುಂದಕ್ಕೆ ಹಾಕಿ. ಹಾಕಿಸಿದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂತಿರಿ. ಒಂದು ದಿನ ಮಂಕಾಗಿರುವುದು, ಚುಚ್ಚಿದ ಜಾಗ ನೋಯುವುದು ಮಾಮೂಲು. ಮುಖ ಊದಿಕೊಂಡರೆ, ಮೈಮೇಲೆ ಗಂಧೆ ಎದ್ದರೆ ತಕ್ಷಣ ವಾಪಸ್ ಓಡಿ, ಮುಂದಿನ ಸಲ ಆ ವಿಷಯ ಡಾಕ್ಟರಿಗೆ ಮೊದಲೇ ಹೇಳಿ.

ಡಾಕ್ಟರು ಸೀಸೆಯನ್ನು ಫ್ರಿಜ್‌ನಿಂದಲೇ ತೆಗೆದರಾ ಅಂತ ನೋಡಿ. ಅದರ ಮೇಲಿನ ಸ್ಟಿಕ್ಕರ್ ಕಿತ್ತು ಪುಸ್ತಕಕ್ಕೆ ಅಂಟಿಸಬೇಕು, ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಅದರಲ್ಲೇ ಇರುತ್ತದೆ. ಪಕ್ಕದಲ್ಲಿ ತಾರೀಖು, ಸಹಿ, ಸೀಲು. ಔಷಧಿ ಅಂಗಡಿಯಿಂದ ತಂದು ಗೊತ್ತಿರುವ ಕಾಂಪೌಂಡರ್ ಹತ್ತಿರ ಚುಚ್ಚಿಸಿದರೆ ನೂರಿನ್ನೂರು ಉಳಿಯಬಹುದು, ಆದರೆ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಂದ ಲಸಿಕೆ ಕೆಲಸ ಮಾಡುತ್ತದೆ ಅನ್ನುವ ಗ್ಯಾರಂಟಿ ಯಾರು ಕೊಡುತ್ತಾರೆ?

ಈಗ ಬೋಂಡನ ಕಥೆ. ಏಪ್ರಿಲ್‌ನಲ್ಲಿ ಅವನಿಗೆ ರೇಬೀಸ್ ಲಸಿಕೆ ಆಯಿತು. ತಂಗಿಗೆ ಕೆಲಸ ಖಾತ್ರಿಯಾದ ಮೇಲೆ ಜೂನ್ ಮೊದಲ ವಾರ ಚಿಪ್ ಹಾಕಿಸಿದರು. ಚಿಪ್ ಅಂದರೆ ನಾಯಿಯ ಗುರುತಿಗೆ ಹಾಕುವ, ಅಕ್ಕಿ ಕಾಳಿನಷ್ಟು ಗಾತ್ರದ್ದು, ಹೆಗಲ ನಡುವೆ ಚರ್ಮದ ಕೆಳಗೆ ಕೂರುತ್ತದೆ, 15 ಅಂಕಿಯ ನಂಬರ್. ಹಾಕಿದವರು ತಾರೀಖು ನೋಡಲೇ ಇಲ್ಲ. ಯುರೋಪಿನ ನಿಯಮ ಏನೆಂದರೆ ಚಿಪ್ ಹಾಕುವ ಮುಂಚೆ ಕೊಟ್ಟ ರೇಬೀಸ್ ಲಸಿಕೆ ಲೆಕ್ಕಕ್ಕೇ ಇಲ್ಲ. ಅದೇ ದಿನ ಹಾಕಿದರೆ ನಡೆಯುತ್ತದೆ, ಆದರೆ ಚಿಪ್ ಮೊದಲು. ಸರಿ, ಜೂನ್ 10ಕ್ಕೆ ಲಸಿಕೆ ಮತ್ತೆ. ಲಸಿಕೆ ಕೆಲಸ ಮಾಡಿದೆಯಾ ಅಂತ ಪರೀಕ್ಷಿಸಲು, ಲಸಿಕೆಯಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಯಬೇಕು, ಜುಲೈ 12ಕ್ಕೆ ತೆಗೆದರು. ಆ ಸ್ಯಾಂಪಲ್ ಯುರೋಪಿಯನ್ ಒಕ್ಕೂಟದ ಒಪ್ಪಿಗೆ ಪಟ್ಟಿಯಲ್ಲಿರುವ ಲ್ಯಾಬ್‌ಗೇ ಹೋಗಬೇಕು, ಫಲಿತಾಂಶ, ಅಂದರೆ ರಕ್ತದಲ್ಲಿರುವ ರಕ್ಷಣೆಯ ಅಳತೆ, ಮಿಲಿಲೀಟರಿಗೆ 0.5 ಐಯು ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ಬಂತು. ಆದರೆ ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು, ಭಾರತದಿಂದ ಹೋಗುವ ನಾಯಿಗೆ ಸಾಮಾನ್ಯವಾಗಿ ಇದೇ ನಿಯಮ. ಅಂದರೆ ಅಕ್ಟೋಬರ್ 12. ಮಾಲೀಕರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ 5 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು ಅಂತ ಬೇರೆ ಇದೆ. ಹಾಗಾಗಿ ತಂಗಿ ಆಗಸ್ಟ್‌ಗೆ ಕೆಲಸಕ್ಕೆ ಸೇರಿ, ರಜೆ ಹಾಕಿ, ಅವನನ್ನು ಕರೆದುಕೊಂಡು ಹೋಗುವುದಕ್ಕೇ ವಾಪಸ್ ಬಂದಳು. ಆ ಟಿಕೆಟ್ ದುಡ್ಡಲ್ಲಿ ನೂರು ಚಿಪ್ ಬರುತ್ತಿತ್ತೇನೋ.

ಹೊರದೇಶದ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೂ ಮುಂದಿನ ರೇಬೀಸ್ ಲಸಿಕೆಗೆ ಮುಂಚೆ ಚಿಪ್ ಹಾಕಿಸಿಬಿಡಿ. ಹೋಗದಿದ್ದರೆ ನಷ್ಟವಿಲ್ಲ, ನಾಯಿ ತಪ್ಪಿಸಿಕೊಂಡಾಗ ಉಪಯೋಗಕ್ಕೆ ಬರಬಹುದು.

ಇಂಗ್ಲೆಂಡಿಗೂ ಸುಮಾರು ಇದೇ ಲೆಕ್ಕ, ಜೊತೆಗೆ ತಲುಪುವ 1ರಿಂದ 5 ದಿನ ಮುಂಚೆ ಲಾಡಿಹುಳುವಿನ ಔಷಧಿ ಕೊಡಿಸಬೇಕು, ವಿಮಾನದಲ್ಲಾದರೆ ನಾಯಿ ಕಾರ್ಗೋದಲ್ಲೇ ಹೋಗಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ ನಿಯಮ ಬಿಗಿ ಮಾಡಿದೆ, ಭಾರತ ಅವರ ರೇಬೀಸ್ ಅಪಾಯದ ಪಟ್ಟಿಯಲ್ಲಿದೆ. ನಾಯಿಗೆ 6 ತಿಂಗಳು ತುಂಬಿರಬೇಕು, ಚಿಪ್ ಬೇಕು, ಇಲ್ಲಿ ಲಸಿಕೆ ಹಾಕಿಸಿದ ನಾಯಿಯಾದರೆ ಅವರು ಗುರುತಿಸಿದ ಕೆಲವೇ ಏರ್‌ಪೋರ್ಟಿಗೆ ಮೊದಲೇ ಬುಕ್ ಮಾಡಿ ಹೋಗಬೇಕು. ರಕ್ತಪರೀಕ್ಷೆ ಇಲ್ಲದೆ ಹೋದರೆ 28 ದಿನ ಕ್ವಾರಂಟೈನ್, ಖರ್ಚು ನಿಮ್ಮದೇ. ಆಸ್ಟ್ರೇಲಿಯಾಕ್ಕೆ ಇಲ್ಲಿಂದ ನೇರವಾಗಿ ಬಿಡುವುದೇ ಇಲ್ಲ, ಅವರು ಒಪ್ಪಿದ ಬೇರೆ ದೇಶದ ಮೂಲಕ ಹೋಗಬೇಕು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಯಾದರೆ ಮೊದಲು ಏರ್‌ಲೈನ್‌ಗೆ ಫೋನ್ ಮಾಡಿ, ಎಷ್ಟೋ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ವಾರ ಆ ದೇಶದ ಸರ್ಕಾರಿ ವೆಬ್‌ಸೈಟನ್ನೇ ನೋಡಿ, ಏಜೆಂಟರ ಮಾತು ಆಮೇಲೆ.

ಹೊರಡುವಾಗ ನಮ್ಮ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಪ್ರಮಾಣಪತ್ರವೂ ಬೇಕು, ಬೆಂಗಳೂರಿನಲ್ಲಿ ಅದರ ಕಚೇರಿ ಇದೆ. ಈ ಕೆಲಸ ಕೊನೆಯ ಕೆಲವೇ ದಿನಗಳಲ್ಲಿ ಆಗಬೇಕು, ಮಧ್ಯೆ ಭಾನುವಾರ, ಹಬ್ಬ ಬಂದರೆ ಪೇಚಾಟ. ಬೋಂಡನಿಗೆ ದಸರಾ ರಜೆ ಅಡ್ಡ ಬಂದು ಇನ್ನೂ ಒಂದು ವಾರ ಹೋಯಿತು.

ಅವನ ಮುಂದಿನ ಬೂಸ್ಟರ್ ಜೂನ್ 9ರ ಒಳಗೆ ಆಗಬೇಕು. ಅದು ತಪ್ಪದೆ ನಡೆದರೆ ರಕ್ತಪರೀಕ್ಷೆ ಮತ್ತೆ ಬೇಡ, ಒಂದು ದಿನ ತಪ್ಪಿದರೂ ಎಲ್ಲ ಮೊದಲಿಂದ. ತಂಗಿಯ ಫೋನಲ್ಲಿ ಮೇ 20ಕ್ಕೆ, ಮೇ 27ಕ್ಕೆ, ಜೂನ್ 1ಕ್ಕೆ ಅಲಾರಂ ಇದೆ. ನನ್ನ ಫೋನಲ್ಲೂ ಹಾಕಿಸಿದ್ದಾಳೆ.