ಕಲಬುರಗಿ ಬಿಸಿಲಿಗೆ ಸ್ಪೋರ್ಟ್ಸ್ ಕಾರಿನ ಟೈರ್ ಆರಿಸೋದು ಹೇಗೆ

ಮೊದಲು ಹಳೆ ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ. 225/45 ಆರ್17 94ಡಬ್ಲ್ಯೂ ಅಂತಿದ್ದರೆ ಅಗಲ 225 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 45, ರಿಮ್ 17 ಇಂಚು, 94 ಅಂದರೆ ಒಂದು ಟೈರ್ 670 ಕೆಜಿ ಹೊರುತ್ತದೆ, ಡಬ್ಲ್ಯೂ ಅಂದರೆ ಗಂಟೆಗೆ 270 ಕಿಲೋಮೀಟರ್ ವೇಗದವರೆಗೆ ತಡೆದುಕೊಳ್ಳುತ್ತದೆ. ಸೇಡಂ ರೋಡಲ್ಲಿ ಅಷ್ಟು ಓಡಿಸೋಕೆ ಆಗಲ್ಲ ಬಿಡಿ, ಆದರೂ ಕಾರು ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದು ಹಾಕಿಸಬೇಡಿ.

ರೇಸ್ ಟ್ರ್ಯಾಕಿನ ಸೆಮಿ ಸ್ಲಿಕ್ (ಗೆರೆಗಳು ತೀರಾ ಕಡಿಮೆ ಇರುವ ಟೈರ್) ಸುಮ್ನೆ ದಂಡ. ಬೇಗ ಸವೆಯುತ್ತದೆ, ಮಳೆ ನೀರಲ್ಲಿ ಜಾರುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ, ಟೆಂಪರೇಚರ್ ಗ್ರೇಡ್ (ಟೈರ್ ಎಷ್ಟು ಬಿಸಿ ತಡೆದುಕೊಳ್ಳುತ್ತದೆ ಅನ್ನೋ ದರ್ಜೆ) ‘ಎ’ ಇರುವುದನ್ನೇ ಕೇಳಿ. ತಯಾರಾದ ವಾರವನ್ನೂ ನೋಡಿ: 2325 ಅಂದರೆ 2025ರ 23ನೇ ವಾರ.

ಒಂದೇ ಆಕ್ಸಲ್‌ನ (ಮುಂದಿನ ಅಥವಾ ಹಿಂದಿನ ಜೋಡಿಯ) ಎರಡೂ ಟೈರ್ ಒಟ್ಟಿಗೆ ಬದಲಿಸಿ. ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡಿಸಿ.