ಬೋನ್‌ಫಿಶ್ ಗಾಳಕ್ಕೆ ಸಿದ್ಧತೆ: ಫ್ಲೈ ಮೊದಲು, ರಾಡ್ ಆಮೇಲೆ

ಕಾವೇರಿಯಲ್ಲಿ ಮಹಶೀರ್‌ಗೆ ಗಾಳ ಹಾಕುತ್ತಿದ್ದವರು ರಾಗಿ ಹಿಟ್ಟಿನ ಉಂಡೆಯನ್ನು ಕೊಕ್ಕೆಗೆ ಮೆತ್ತಿ ಎಸೆಯುತ್ತಿದ್ದರು. ಉಂಡೆಯ ಭಾರವೇ ದಾರವನ್ನು ಹೊಳೆಯ ನಡುವಿಗೆ ಎಳೆದೊಯ್ಯುತ್ತಿತ್ತು. ಫ್ಲೈ ಫಿಶಿಂಗ್‌ನಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಫ್ಲೈ ಎಂದರೆ ಕೊಕ್ಕೆಗೆ ರೋಮ, ಗರಿ, ಹೊಳೆಯುವ ಎಳೆಗಳನ್ನು ನೂಲಿನಿಂದ ಬಿಗಿದು ಕಟ್ಟಿದ ಹುಸಿ ಆಹಾರ. ಅದಕ್ಕೆ ಹೇಳಿಕೊಳ್ಳುವಂಥ ತೂಕವಿಲ್ಲದ ಕಾರಣ, ತೂಕವುಳ್ಳ ದಪ್ಪ ದಾರವೇ ಅದನ್ನು ಹೊತ್ತೊಯ್ಯಬೇಕು. ಆದ್ದರಿಂದ ಇಲ್ಲಿ ಸಲಕರಣೆಗಳು ಒಂದಕ್ಕೊಂದು ಹೊಂದದಿದ್ದರೆ ಎಷ್ಟು ದುಡ್ಡು ಸುರಿದರೂ ಫ್ಲೈ ಮೀನಿನ ಬಳಿಗೆ ಹೋಗುವುದಿಲ್ಲ. ಹೊಸಬರು ಸಾಮಾನ್ಯವಾಗಿ ದುಬಾರಿ ರಾಡ್ ಕೊಂಡು, ಉಳಿದ ಹಣದಲ್ಲಿ ಮಿಕ್ಕದ್ದನ್ನು ಹೊಂದಿಸುತ್ತಾರೆ. ಮೀನು ಮತ್ತು ನೀರಿನಿಂದ ಆರಂಭಿಸಿ ರಾಡ್ ಕಡೆಗೆ ಬರುವುದು ಸರಿಯಾದ ಕ್ರಮ.

ಉದಾಹರಣೆಗೆ ಬಹಾಮಾಸ್‌ನ ಅತಿ ದೊಡ್ಡ ದ್ವೀಪವಾದ ಆಂಡ್ರೋಸ್ ಅನ್ನು ತೆಗೆದುಕೊಳ್ಳೋಣ. ಅದರ ಸುತ್ತ ಮೈಲುಗಟ್ಟಲೆ ಹರಡಿರುವ, ಕಣಕಾಲಿನಿಂದ ತೊಡೆಯವರೆಗಷ್ಟೇ ನೀರಿರುವ ಮರಳಿನ ಬಯಲುಗಳನ್ನು ಫ್ಲ್ಯಾಟ್ಸ್ ಎನ್ನುತ್ತಾರೆ. ಉಬ್ಬರದ ನೀರಿನೊಂದಿಗೆ ಅಲ್ಲಿಗೆ ಮೇಯಲು ಬರುವ ಬೋನ್‌ಫಿಶ್ ಆ ದೇಶಕ್ಕೆ ಎಷ್ಟು ಮುಖ್ಯವೆಂದರೆ, ಅಲ್ಲಿನ 10 ಸೆಂಟ್ ನಾಣ್ಯದ ಮೇಲೆ ಅದರ ಚಿತ್ರವಿದೆ. ಇದರ ಬಾಯಿ ಕೆಳಮುಖವಾಗಿದ್ದು, ಮರಳನ್ನು ಕೆದಕಿ ಸಿಗಡಿ, ಏಡಿಗಳನ್ನು ತಿನ್ನುತ್ತದೆ. ಕನ್ನಡಿಯಂಥ ಹುರುಪೆಗಳಿಂದಾಗಿ ಮೀನಿಗಿಂತ ಮೊದಲು ಅದರ ನೆರಳೇ ಕಾಣಿಸುವುದುಂಟು. ಆದಕಾರಣ ನೀರಿನ ಮೇಲಿನ ಪ್ರತಿಫಲನವನ್ನು ತಗ್ಗಿಸುವ ಪೋಲರೈಸ್ಡ್ ಕನ್ನಡಕವನ್ನೂ ಸಲಕರಣೆಯೆಂದೇ ಎಣಿಸಬೇಕು. ತಾಮ್ರದ ಬಣ್ಣದ ಗಾಜು ತೆಳುನೀರಿಗೆ ಚೆನ್ನಾಗಿ ಒಗ್ಗುತ್ತದೆ.

ಇನ್ನು ಫ್ಲೈ ಆಯ್ಕೆ. ಅಂಗಡಿಯ ಪೆಟ್ಟಿಗೆಯಲ್ಲಿ ಬಣ್ಣಗಳೇ ಕಣ್ಣು ಸೆಳೆಯುತ್ತವೆಯಾದರೂ, ಮೊದಲು ನೋಡಬೇಕಾದದ್ದು ಫ್ಲೈ ಎಷ್ಟು ಬೇಗ ಮುಳುಗುತ್ತದೆ ಎಂಬುದನ್ನು. ಮೀನು ತಳವನ್ನು ಕೆದಕುತ್ತಿರುವಾಗ ಅದರ ತಲೆಯ ಮೇಲೆ ತೇಲುವ ಸಿಗಡಿಯಿಂದ ಪ್ರಯೋಜನವಿಲ್ಲ. ಫ್ಲೈಯ ತಲೆಯ ಬಳಿ ಕಣ್ಣುಗಳಂತೆ ಕಟ್ಟಿರುವ ಗುಂಡುಗಳೇ ಈ ವೇಗವನ್ನು ನಿರ್ಧರಿಸುತ್ತವೆ. ಕಣಕಾಲು ಮುಳುಗುವಷ್ಟೇ ನೀರಿದ್ದು ಗಾಳಿಯೂ ಇಲ್ಲದಿದ್ದರೆ ಕಣ್ಣುಗಳಿಲ್ಲದ ಅಥವಾ ತೀರ ಸಣ್ಣ ಮಣಿಯ ಫ್ಲೈ ಬೇಕು, ಏಕೆಂದರೆ ಭಾರದ ಫ್ಲೈ ನೀರಿಗೆ ಬೀಳುವ ಸದ್ದಿಗೇ ಇಡೀ ಗುಂಪು ಚದುರಿಹೋಗುತ್ತದೆ. ಮೊಣಕಾಲಿನವರೆಗಿನ ನೀರಿಗೆ ಸರಪಳಿ ಮಣಿಯ ಕಣ್ಣುಗಳು ಸಾಕು. ಅದಕ್ಕಿಂತ ಆಳವಿದ್ದರೆ, ಅಥವಾ ನೀರಿನ ಸೆಳೆತ ಜೋರಾಗಿದ್ದರೆ, ಹಿತ್ತಾಳೆಯ ಇಲ್ಲವೇ ಸೀಸದ ಕಣ್ಣುಗಳಿರಲಿ. ಹತ್ತು ಬಣ್ಣಗಳ ಒಂದೇ ತೂಕದ ಫ್ಲೈಗಳಿಗಿಂತ ಎರಡೇ ಬಣ್ಣಗಳ ಮೂರು ತೂಕದ ಫ್ಲೈಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಣ್ಣಕ್ಕೆ ಸರಳವಾದ ನಿಯಮವೊಂದಿದೆ. ತಳ ಯಾವ ಬಣ್ಣವೋ ಫ್ಲೈ ಸುಮಾರಾಗಿ ಅದೇ ಬಣ್ಣದ್ದಾಗಿರಬೇಕು, ಏಕೆಂದರೆ ಅಲ್ಲಿ ಬದುಕುವ ಸಿಗಡಿ, ಏಡಿಗಳೂ ಹಾಗೆಯೇ ಇರುತ್ತವೆ. ಬಿಳಿ ಮರಳಿಗೆ ತಿಳಿ ಕಂದು, ಮಾಸಲು ಬಿಳಿ ಅಥವಾ ನಸುಗೆಂಪು. ಕಡಲಹುಲ್ಲು ಬೆಳೆದ ತಳಕ್ಕೆ ಪಾಚಿ ಹಸಿರು. ಕೊಕ್ಕೆಯ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದೆಂಬುದನ್ನು ನೆನಪಿಡಬೇಕು. ಬಹಾಮಾಸ್‌ಗೆ 2ರಿಂದ 6ರವರೆಗಿನ ಅಳತೆಗಳು ಸರಿಹೋಗುತ್ತವೆ. ಪೆಸಿಫಿಕ್‌ನ ಕಿರಿಟಿಮಾಟಿ ದ್ವೀಪಕ್ಕೆ ಹೋಗುವವರು 6 ಮತ್ತು 8ನ್ನು ಹೆಚ್ಚಾಗಿ ಒಯ್ಯುತ್ತಾರೆ.

ಮಾದರಿಗಳಲ್ಲಿ ಎರಡನ್ನು ಬಿಡುವಂತಿಲ್ಲ. ‘ಕ್ರೇಜಿ ಚಾರ್ಲಿ’ 1970ರ ದಶಕದಲ್ಲಿ ಆಂಡ್ರೋಸ್‌ನಲ್ಲೇ ಹುಟ್ಟಿತು. ಕ್ಯಾಲಿಫೋರ್ನಿಯಾದ ಬಾಬ್ ನಾಹೈಮ್ ಕಟ್ಟಿದ ಈ ಫ್ಲೈಗೆ ಅಲ್ಲಿನ ಮಾರ್ಗದರ್ಶಿ ಚಾರ್ಲಿ ಸ್ಮಿತ್ ಅವರ ಹೆಸರು ಅಂಟಿಕೊಂಡಿದೆ. ಇದರ ಮಣಿಗಳನ್ನು ಕಟ್ಟಿರುವ ರೀತಿಯಿಂದಾಗಿ ಕೊಕ್ಕೆಯ ಮೊನೆ ಮೇಲ್ಮುಖವಾಗಿ ಸಾಗುತ್ತದೆ. ತಳದ ಹುಲ್ಲಿಗೂ ಹವಳಕ್ಕೂ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ಎರಡನೆಯದು ‘ಗಾಟ್ಚಾ’. ಆಂಡ್ರೋಸ್‌ನ ಟ್ಯಾಕ್ಸಿಯೊಂದರ ಕಾರ್ಪೆಟ್‌ನಿಂದ ಕಿತ್ತ ಎಳೆಗಳಿಂದ ಮೊದಲು ಇದನ್ನು ಕಟ್ಟಿದರೆಂಬ ಕಥೆಯಿದೆ. ಇವೆರಡರ ಜೊತೆಗೆ ಏಡಿಯಂತಿರುವ ‘ಮರ್ಕಿನ್’ ಒಂದೆರಡಿರಲಿ. ಇದನ್ನು ರೂಪಿಸಿದ ಡೆಲ್ ಬ್ರೌನ್, ಹಿಡಿಯಲು ಬಹಳ ಕಷ್ಟವೆನಿಸಿದ ಪರ್ಮಿಟ್ ಮೀನುಗಳನ್ನು 500ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಫ್ಲೈಯಿಂದಲೇ ಹಿಡಿದವರು.

ಫ್ಲೈ ಗೊತ್ತಾದ ಮೇಲೆ ದಾರ ಮತ್ತು ರಾಡ್‌ಗಳನ್ನು ಜೋಡಿಯಾಗಿ ಆರಿಸಬೇಕು. ಎರಡರ ಮೇಲೂ ಒಂದೇ ಸಂಖ್ಯೆ ಇರಬೇಕು. ಬೋನ್‌ಫಿಶ್‌ಗೆ 8ನೇ ಸಂಖ್ಯೆಯ, 9 ಅಡಿ ಉದ್ದದ ರಾಡ್ ರೂಢಿಯಲ್ಲಿದೆ. 8ನೇ ಸಂಖ್ಯೆಯ ದಾರವೆಂದರೆ ಅದರ ಮೊದಲ 30 ಅಡಿ 210 ಗ್ರೇನ್, ಅಂದರೆ ಸುಮಾರು 13.6 ಗ್ರಾಂ ತೂಗುತ್ತದೆ ಎಂದರ್ಥ. ಬಯಲಿನಲ್ಲಿ ಗಾಳಿಗೆ ಅಡ್ಡಿಯೇ ಇಲ್ಲದಿರುವುದರಿಂದ ಇದಕ್ಕಿಂತ ಹಗುರವಾದ ದಾರದಿಂದ ಎಸೆಯುವುದು ಕಷ್ಟ. ದಾರ ಕೊಳ್ಳುವಾಗ ಉಷ್ಣವಲಯಕ್ಕೆಂದೇ ತಯಾರಿಸಿದ್ದನ್ನು ಕೇಳಿ ಪಡೆಯಬೇಕು. ತಣ್ಣೀರಿನ ಟ್ರೌಟ್ ಮೀನಿಗೆಂದು ಮಾಡಿದ ದಾರ ಬಿಸಿಲಿಗೆ ಬೆಂದ ಶಾವಿಗೆಯಂತೆ ಮೆತ್ತಗಾಗಿ, ರಾಡ್‌ನ ಬಳೆಗಳಲ್ಲಿ ಅಂಟಿಕೊಳ್ಳುತ್ತದೆ. ರಾಡ್‌ನಲ್ಲಿ ಉಳಿತಾಯ ಮಾಡಿದರೂ ನಡೆದೀತು, ದಾರದಲ್ಲಿ ಮಾಡಬಾರದು.

ದಾರದ ತುದಿಗೆ ಕಟ್ಟುವ, ಮೀನಿಗೆ ಕಾಣದಷ್ಟು ತೆಳುವಾದ ಲೀಡರ್ 9ರಿಂದ 12 ಅಡಿ ಇರಲಿ. ಗಾಳಿಯಿದ್ದರೆ ಗಿಡ್ಡದು, ನೀರು ನಿಶ್ಚಲವಾಗಿದ್ದರೆ ಉದ್ದದ್ದು. ಕೊನೆಯ ಭಾಗಕ್ಕೆ 12ರಿಂದ 16 ಪೌಂಡ್ ತಡೆಯುವ ಫ್ಲೋರೋಕಾರ್ಬನ್ ಒಳ್ಳೆಯದು; ಅದು ಹವಳದ ಉಜ್ಜಾಟವನ್ನು ತಾಳಿಕೊಳ್ಳುತ್ತದೆ. ಫ್ಲೈಯನ್ನು ಬಿಗಿಯಾಗಿ ಕಟ್ಟದೆ ಸಣ್ಣ ಕುಣಿಕೆ ಬಿಟ್ಟು ಕಟ್ಟಿದರೆ ಅದು ನೀರಿನಲ್ಲಿ ಸಹಜವಾಗಿ ಓಲಾಡುತ್ತದೆ. ಗಂಟು ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿಕೊಳ್ಳಬೇಕು, ಇಲ್ಲವಾದರೆ ಉಜ್ಜಿದ ಬಿಸಿಗೆ ಎಳೆ ದುರ್ಬಲವಾಗುತ್ತದೆ. ಅದೇ ಬಯಲಿನಲ್ಲಿ ತಿರುಗುವ ಬ್ಯಾರಕುಡಾಕ್ಕೆ ಎಸೆಯುವುದಾದರೆ ಮಾತ್ರ ತುದಿಗೆ ಗೇಣುದ್ದದ ತಂತಿ ಬೇಕು. ಅದರ ಹಲ್ಲಿಗೆ ಬೇರೆ ಯಾವುದೂ ನಿಲ್ಲದು.

ಸಿಕ್ಕಿಬಿದ್ದ ಬೋನ್‌ಫಿಶ್ ಒಂದೇ ಓಟಕ್ಕೆ ನೂರು ಗಜ ದಾರವನ್ನು ಎಳೆದುಕೊಂಡು ಹೋಗಬಲ್ಲದು. ಆದ್ದರಿಂದ ರೀಲ್‌ನಲ್ಲಿ ಮುಖ್ಯ ದಾರದ ಹಿಂದೆ 20 ಪೌಂಡ್ ತಡೆಯುವ 200 ಗಜ ಬ್ಯಾಕಿಂಗ್, ಅಂದರೆ ಮೀಸಲು ದಾರ, ಹಿಡಿಸಬೇಕು, ಓಡುವ ದಾರಕ್ಕೆ ತಡೆಯೊಡ್ಡುವ ಡ್ರ್ಯಾಗ್ ಅದನ್ನು ಜರ್ಕಿಲ್ಲದೆ ಬಿಡಬೇಕು, ಮತ್ತು ಡ್ರ್ಯಾಗ್‌ನೊಳಕ್ಕೆ ಉಪ್ಪು, ಮರಳು ನುಗ್ಗದಂತೆ ಮುಚ್ಚಿರಬೇಕು. ದಿನದ ಕೊನೆಯಲ್ಲಿ ಡ್ರ್ಯಾಗ್ ಸಡಿಲಿಸಿ, ರಾಡ್ ಮತ್ತು ರೀಲನ್ನು ಸಿಹಿನೀರಿನಿಂದ ತೊಳೆದಿಡಬೇಕು. ಬಳಸಿದ ಫ್ಲೈಗಳನ್ನು ಅದೇ ನೀರಿನಲ್ಲಿ ಅದ್ದಿ, ಪೂರ್ತಿ ಒಣಗಿದ ಮೇಲಷ್ಟೇ ಪೆಟ್ಟಿಗೆಗೆ ಸೇರಿಸಬೇಕು. ಉಪ್ಪುನೀರು ಅಂಟಿದ ಒಂದೇ ಫ್ಲೈ ರಾತ್ರಿ ಬೆಳಗಾಗುವುದರೊಳಗೆ ಪಕ್ಕದ ಕೊಕ್ಕೆಗಳಿಗೂ ತುಕ್ಕು ಹತ್ತಿಸಬಲ್ಲದು.