ಧಾರವಾಡದಲ್ಲಿ ನಡುಹಗಲು ಎಷ್ಟು ಗಂಟೆಗೆ?

ಧಾರವಾಡದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಅಕ್ಷಾಂಶ, ರೇಖಾಂಶಗಳನ್ನು ಹಲವು ವರ್ಷ ಗೋಳದ ಮೇಲೆ ಬೆರಳಿಟ್ಟೇ ತೋರಿಸಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಹನ್ನೆರಡು ಹೊಡೆದ ಮೇಲೂ ಧ್ವಜಸ್ತಂಭದ ನೆರಳು ಕುಗ್ಗುತ್ತಲೇ ಇರುತ್ತದಲ್ಲ, ಏಕೆ?" ಎಂದು ಕೇಳಿದಳು. ಅಳೆದೇ ನೋಡೋಣ ಎಂದೆ.

ಮಾರ್ಚ್ 21ರಂದು ತಾರಸಿಯ ಮೇಲೆ ಒಂದು ಮೀಟರ್ ಎತ್ತರದ ಕೋಲು ನಿಲ್ಲಿಸಿದೆವು. ಅದರ ನೆರಳಿನ ತುದಿ ಮಸುಕಾಗಿತ್ತು, ಸೆಂಟಿಮೀಟರಿನಷ್ಟು ಗುರುತು ತಪ್ಪುತ್ತಿತ್ತು. ಸೂರ್ಯ ಚುಕ್ಕೆಯಲ್ಲ, ಅಗಲವಾದ ಬಿಲ್ಲೆ. ಅದರಿಂದಲೇ ಈ ಮಸುಕು. ಕೋಲಿನ ತುದಿಗೆ ಸಣ್ಣ ತೂತಿನ ತಗಡು ಕಟ್ಟಿದಾಗ ನೆರಳಿನ ನಡುವೆ ದುಂಡನೆಯ ಬೆಳಕು ಬಿತ್ತು. ಅದರ ನಡುಬಿಂದುವನ್ನು ಗುರುತಿಸುವುದು ಸುಲಭ. ಗೌಂಡಿಯವರಿಂದ ತಂದ ತೂಗುಗುಂಡನ್ನು ತೂತಿನಿಂದ ಇಳಿಬಿಟ್ಟು ಬುಡದ ಬಿಂದು ಹಿಡಿದೆವು. ಅದರ ಸುತ್ತ 40 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆದೆವು. ನಡುಹಗಲಿನ ಹೊತ್ತಿಗೆ ನೆರಳಿನ ಉದ್ದ ಬಹಳ ನಿಧಾನವಾಗಿ ಬದಲಾಗುವುದರಿಂದ ಅತಿ ಚಿಕ್ಕ ನೆರಳಿನ ಕ್ಷಣ ಸಿಗುವುದಿಲ್ಲ. ಬೆಳಕಿನ ಬಿಂದು ವೃತ್ತವನ್ನು ಮುಟ್ಟುವ ಎರಡು ವೇಳೆಗಳ ನಡುವೇಳೆ ಹಿಡಿಯಬೇಕು. ಶಂಕುವಿನಿಂದ, ಅಂದರೆ ನೆಟ್ಟ ಕೋಲಿನ ನೆರಳಿನಿಂದ, ದಿಕ್ಕು ಹಿಡಿಯುತ್ತಿದ್ದ ನಮ್ಮ ಹಳಬರ ದಾರಿಯೂ ಇದೇ.

ಬೆಳಿಗ್ಗೆ 11.35, ಮಧ್ಯಾಹ್ನ 1.39. ನಡುಹಗಲು 12.37! ಆಗಿನ ನೆರಳು 27 ಸೆಂಟಿಮೀಟರಿಗಿಂತ ತುಸು ಹೆಚ್ಚು. ಗ್ರಾಫ್ ಹಾಳೆಯಲ್ಲಿ ತ್ರಿಕೋನ ಬರೆದು ಕೋನಮಾಪಕ ಇಟ್ಟರೆ ಹದಿನೈದಕ್ಕೂ ಹದಿನೈದೂವರೆಗೂ ನಡುವಿನ ಡಿಗ್ರಿ. ಅಂದು ಸೂರ್ಯ ಸಮಭಾಜಕದ ನೇರಕ್ಕಿರುವುದರಿಂದ ಅದೇ ನಮ್ಮ ಅಕ್ಷಾಂಶ.

ರೇಖಾಂಶ ಮಾತ್ರ ಕೈಕೊಟ್ಟಿತು. ಗಡಿಯಾರ ತೋರಿಸುವುದು ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿಯ ವೇಳೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ; 37 ನಿಮಿಷಕ್ಕೆ 9.25 ಡಿಗ್ರಿ. ಕಳೆದರೆ 73.25. ಅದು ಗೋವೆಯನ್ನೂ ದಾಟಿ ಅರಬ್ಬೀ ಸಮುದ್ರ!

ಎರಡು ದಿನ ತಲೆ ಕೆಡಿಸಿಕೊಂಡೆ. ಬಿಟ್ಟುಹೋಗಿದ್ದದ್ದು ಕಾಲ ಸಮೀಕರಣ. ಭೂಮಿಯ ಕಕ್ಷೆ ದೀರ್ಘವೃತ್ತ, ಅಕ್ಷ ಓರೆ. ಆದ್ದರಿಂದ ಸೂರ್ಯ ಗಡಿಯಾರಕ್ಕಿಂತ ಒಮ್ಮೆ ಹಿಂದೆ, ಒಮ್ಮೆ ಮುಂದೆ; ಈ ಅಂತರವೇ ಕಾಲ ಸಮೀಕರಣ. ಮಾರ್ಚ್ 21ಕ್ಕೆ ಸುಮಾರು 7 ನಿಮಿಷ ಹಿಂದೆ. ಅದನ್ನು ಕಳೆದರೆ 30 ನಿಮಿಷ, 7.5 ಡಿಗ್ರಿ. ಧಾರವಾಡ 75ರ ಗೆರೆಗೆ ಬಂದು ಕೂತಿತು.

ಸೆಪ್ಟೆಂಬರ್ 23ರಂದು ಮತ್ತೆ ಅಳೆದೆವು. ಆಗ ಸೂರ್ಯ ಏಳೂವರೆ ನಿಮಿಷ ಮುಂದೆ, ನಡುಹಗಲು 12.22ಕ್ಕೇ ಬಂತು. ಅದೇ ದಿನ ಆ ಹುಡುಗಿಯ ಅಣ್ಣ ತಾನು ಕೆಲಸ ಮಾಡುವ ಅಸ್ಸಾಮಿನ ದಿಬ್ರುಗಡದಲ್ಲಿ ಕೋಲು ನೆಟ್ಟು ಅಳೆದು ಫೋನ್ ಮಾಡಿದ: 11.03. ಸಂಜೆ ಐದೂಕಾಲಿಗೆಲ್ಲ ಅಲ್ಲಿ ಸೂರ್ಯ ಮುಳುಗಿರುತ್ತಾನಂತೆ. ಅಲ್ಲಿನ ಚಹಾ ತೋಟಗಳು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು 'ಬಾಗಾನ್ ಟೈಮ್' ಪಾಲಿಸುತ್ತ ಬಂದದ್ದು ಏಕೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಹುಡುಗಿ 79 ನಿಮಿಷವನ್ನು ನಾಲ್ಕರಿಂದ ಭಾಗಿಸಿದಳು: ಹತ್ತಿರಹತ್ತಿರ 20. ಅಟ್ಲಾಸ್ ತೆರೆದು 75ರಿಂದ 95ರವರೆಗೆ ಗೆರೆ ಎಣಿಸಿದಳು. ಆ ಗೆರೆಯನ್ನೇ ಹಿಡಿದು ಮೇಲೇರಿದ ಬೆರಳು ಬ್ರಹ್ಮಪುತ್ರದ ದಂಡೆಯಲ್ಲಿ ನಿಂತಿತು. "ಅಣ್ಣ ಇಲ್ಲಿದ್ದಾನೆ" ಎಂದಳು.